ಮುಂದೆ ಗಾಜಿಲ್ಲದ ವಿಮಾನ

"ಆ ವಿಮಾನಕ್ಕ ಕಣ್ಣ ಇರಲಿಲ್ಲ ನೋಡ್ರಿ ಚಿಗವ್ವಾ. ಮಾರಿ ಅಂಬೂದು ಬರೇ ತಗಡು. ಬ್ಯಾರೆ ವಿಮಾನಕ್ಕ ಮುಂದ ಗಾಜು ಇರ್ತೈತಿ, ನಡಸಾಂವ ಅದರಾಗ ನೋಡ್ಕೋತ ಹೊಕ್ಕಾನ. ಇದಕ್ಕ ಗಾಜು ಇರೂ ಜಾಗಾದಾಗ ಪೆಟ್ರೋಲಿನ ಟಾಕಿ. ಮಾಳಗಿ ಮ್ಯಾಲ ನೀರಿನ ಟಾಕಿ ಇರ್ತೈತಲ್ಲ, ಅಂಥಾದ್ದು. ನ್ಯೂಯಾರ್ಕಿನಿಂದ ಪ್ಯಾರಿಸ್ ತನಕ ಹೋಗಬೇಕು, ಸಮುದ್ರದ ನಡುವ ಇಳಿಯಾಕ ನೆಲ ಎಲ್ಲೈತಿ? ಅಷ್ಟು ಎಣ್ಣಿ ಬೇಕಾತಲ್ಲ. ಟಾಕಿ ಬೆನ್ನ ಹಿಂದ ಇಟ್ಟರ ಮುಂದಿಂದು ಚಂದ ಕಾಣ್ತಿತ್ತು. ಆದ್ರ ಬಿದ್ದರ ಇಂಜಿನ್ನಿಗೂ ಟಾಕಿಗೂ ನಡುವ ಸಿಕ್ಕು ಹಿಟ್ಟಾಗ್ತೀನಿ ಅಂತ ಅದನ್ನ ನಡಸಾಂವನ ಲೆಕ್ಕ. ಅದಕ್ಕ ಟಾಕಿ ಮುಂದ ಇಡಿಸಿದ, ತಾ ಹಿಂದ ಕುಂತ. ಮುಂದ ಏನೈತಿ ನೋಡಬೇಕಂದ್ರ ವಿಮಾನಾನ ಒಂಚೂರು ಓರೆ ಮಾಡಿ ಬಾಜೂ ಕಿಡಕ್ಯಾಗಿಂದ ನೋಡಬೇಕು. ಒಂದು ಸಣ್ಣ ಕನ್ನಡಿ ಕೊಳವಿನೂ ಇತ್ತು. ಇಪ್ಪತ್ತೈದು ವರ್ಷದ ಹುಡುಗ. ಹೊಂಡೂ ಹಿಂದಿನ ರಾತ್ರಿ ನಿದ್ದಿ ಇಲ್ಲ. ಎರಡು ಹಗಲು, ನಡುವ ಒಂದು ರಾತ್ರಿ, ಒಬ್ಬಾಂವನ. ರೇಡಿಯೋ ಇಲ್ಲ, ಮಾತಾಡಾಕ ನರಮನಷಾ ಇಲ್ಲ. ಬಾಜೂ ಕಿಡಕಿಗೂ ಗಾಜು ಹಾಕಿರಲಿಲ್ಲ, ಥಂಡಿ ಗಾಳಿ ಮಾರಿಗೆ ಬಡೀಲಿ, ಕಣ್ಣ ಮುಚ್ಚಬಾರ್ದು ಅಂತ. ಐರ್ಲೆಂಡಿನ ಸನೇಕ ಮೀನ ಹಿಡ್ಯಾವರ ದೋಣಿ ಕಂಡ್ವು. ವಿಮಾನ ಕೆಳಗ ತಂದು, ಐರ್ಲೆಂಡ್ ಯಾವ ಕಡೆ ಅಂತ ಒದರಿದ. ಯಾರೂ ಮಾತಾಡ್ಲಿಲ್ಲ. ಮಾತಾಡ್ಲಿಲ್ಲಂದ್ರೂ ಹೋದ, ಮುಟ್ಟಿದ. ನಾ ಸಣ್ಣಾಂವ ಇದ್ದಾಗ ಕೇಳ್ತಿದ್ದೆ, ಇದಕ್ಕ ಕಣ್ಣ ಯಾಕಿಲ್ಲ ಅಂತ. ಯಾರಿಗೂ ಗೊತ್ತಿರಲಿಲ್ಲ. ಈಗ ನನಗ ಗೊತ್ತೈತಿ, ಕೇಳವರು ಯಾರೂ ಇಲ್ಲ."

ಇಷ್ಟು ಹೇಳಿ ಗುರುಬಸಪ್ಪ ಮತ್ತೆ ಉಜ್ಜುಕಾಗದ ಕೈಗೆತ್ತಿಕೊಂಡ.

ಸಿಂಡೆಲ್‌ಫಿಂಗೆನ್ ಅನ್ನುವ ಈ ಜರ್ಮನ್ ಊರಿನಲ್ಲಿ ನಾನಿರುವುದು ಕೆಳಗಿನ ಮಹಡಿಯ ಮಗನ ಮನೆಯಲ್ಲಿ. ನಮ್ಮ ಕಟ್ಟಡದಲ್ಲಿ ಮನೆಗೊಂದು ನೆಲಮಾಳಿಗೆ ಕೋಣೆ ಇದೆ, ಕೆಲ್ಲರ್ ಅನ್ನುತ್ತಾರೆ. ಬೇರೆಯವರು ಅಲ್ಲಿ ಸೈಕಲ್ಲು, ಆಲೂಗಡ್ಡೆ, ಹಳೆಯ ಹಾಸಿಗೆ ಇಟ್ಟಿದ್ದಾರೆ. ನನ್ನನ್ನು ಚಿಗವ್ವ ಅಂತ ಕರೆಯುವ ಎರಡನೆಯ ಮಹಡಿಯ ಗುರುಬಸಪ್ಪ ತನ್ನ ಕೋಣೆಯಲ್ಲಿ ವಿಮಾನ ಕಟ್ಟುತ್ತಿದ್ದ. ಮೇಲೆ ಹೇಳಿದನಲ್ಲ, ಆ ಲಿಂಡ್‌ಬರ್ಗ್ ಅನ್ನುವವನು ಸಮುದ್ರ ದಾಟಿಸಿದ ವಿಮಾನ, ಅದರದೇ ಪಡಿಯಚ್ಚು. ಅಳತೆಯಲ್ಲಿ ನಾಲ್ಕರಲ್ಲೊಂದು ಪಾಲು. ಹಾಗಂತ ಆಟಿಕೆ ಅಂದುಕೊಳ್ಳಬೇಡಿ, ರೆಕ್ಕೆ ಜೋಡಿಸಿದರೆ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತಿತ್ತು. ಒಳಗೆ ಮನುಷ್ಯ ಕೂರುವುದಿಲ್ಲ, ಅಷ್ಟೇ. ನೆಲದ ಮೇಲೆ ನಿಂತು, ಎದೆಗೆ ತೂಗುಹಾಕಿಕೊಂಡ ಪೆಟ್ಟಿಗೆಯ ಎರಡು ಕಡ್ಡಿ ಆಡಿಸಿ ಹಾರಿಸುವುದು. ಪೆಟ್ರೋಲಿನ ಮೋಟಾರು ಅದಕ್ಕೂ ಇತ್ತು. ಅವನು ಬೆಳಗಿನ ಪಾಳಿ ಮುಗಿಸಿ ಬಂದು ಕೆಳಗಿಳಿದರೆ ನಾನು ಮೆಂತ್ಯದ ಸೊಪ್ಪೋ ಅವರೆಕಾಯಿಯೋ ತೆಗೆದುಕೊಂಡು ಅಲ್ಲಿ ಹೋಗಿ ಕೂರುತ್ತಿದ್ದೆ. ಅವನ ಕೈ ಕೆಲಸ ಮಾಡುತ್ತಿತ್ತು, ಬಾಯಿ ಮಾತಾಡುತ್ತಿತ್ತು.

ಬೈಲಹೊಂಗಲದವನು. ಅಲ್ಲಿ ಬಸ್‌ ನಿಲ್ದಾಣದ ಎದುರಿನ ಸೈಕಲ್ ಅಂಗಡಿಯ ಗೋಡೆಗೆ ಯಾರೋ ಈ ವಿಮಾನದ ಚಿತ್ರ ಅಂಟಿಸಿದ್ದರಂತೆ. ಪಂಕ್ಚರ್ ಹಾಕಿಸಲು ಹೋದಾಗಲೆಲ್ಲ ಅದರ ಮುಖ ನೋಡಿ, ಇದಕ್ಕೆ ಕಣ್ಣು ಯಾಕಿಲ್ಲ ಅಂತ ಕೇಳುವುದು, ಅಂಗಡಿಯವನು "ನಿನಗ ಎರಡ ಅದಾವಲ್ಲ, ಪಂಪ್ ಎಲ್ಲೈತಿ ಹುಡಕು" ಅನ್ನುವುದು. ಮುಂದೆ ಬೆಳಗಾವಿಯಲ್ಲಿ ಅಚ್ಚು ಮಾಡುವ ಡಿಪ್ಲೊಮಾ ಓದಿದ, ಪುಣೆಯಲ್ಲಿ ಕೆಲಸ ಹಿಡಿದ, ಅಲ್ಲಿಂದ ಇಲ್ಲಿಯ ಕಾರಿನ ಕಾರ್ಖಾನೆಗೆ ಬಂದ. ಕಾರಿನ ಬಾಗಿಲು, ಬಾನೆಟ್ಟು ಒತ್ತುವ ಉಕ್ಕಿನ ಅಚ್ಚುಗಳನ್ನು ತಿದ್ದುವ ಕೆಲಸ. ಮಗ ಅನೂಪ್ ಓದಲು ಗಾರ್ಕಿಂಗ್ ಅನ್ನುವ ದೂರದ ಊರಿಗೆ ಹೋದ ಮೇಲೆ ಊರ ಹೊರಗಿನ ಮಾದರಿ ವಿಮಾನದವರ ಕ್ಲಬ್ಬು ಸೇರಿದ. ಜರ್ಮನ್ ಮಂದಿಗೆ ಮೂರು ಜನ ಕೂಡಿದರೆ ಒಂದು ಕ್ಲಬ್ಬು ಬೇಕು. ಆ ಕ್ಲಬ್ಬಿನ ಅಧ್ಯಕ್ಷ ಐಸೆಲೆ, ಮುಪ್ಪಿನ ಮನುಷ್ಯ, ಗುರುಬಸಪ್ಪನಿಗೆ ಮರದ ಕೆಲಸ ಕಲಿಸಿದವನು. ಈ ಸೀಮೆಯವರು ಹೊಗಳುವವರಲ್ಲ. ಬಯ್ಯದೆ ಬಿಟ್ಟರೆ ಅದೇ ಹೊಗಳಿಕೆ ಅಂತ ಅವರಲ್ಲಿ ಗಾದೆಯೇ ಉಂಟಂತೆ. ಐಸೆಲೆ ಅಂತೂ ಬಯ್ಯುವುದನ್ನೂ ಲೆಕ್ಕ ಹಾಕಿ ಬಯ್ಯುವವನು. ಗುರುಬಸಪ್ಪ ಏನನ್ನಾದರೂ ಮಾಡಿ ತೋರಿಸಿದರೆ ಗದ್ದ ಕೆರೆದುಕೊಂಡು "ಹೂಂ" ಅನ್ನುತ್ತಿದ್ದ. ಆ "ಹೂಂ" ಹೊತ್ತುಕೊಂಡು ಇವನು ಮೆಟ್ಟಿಲು ಹಾರಿ ಹಾರಿ ಬರುತ್ತಿದ್ದ.

ಕಣ್ಣಿಲ್ಲದ ವಿಮಾನದ ಆ ಮಾತು ಅವನು ಹೇಳಿದ್ದು ಚಳಿಗಾಲದಲ್ಲಿ. ಅಷ್ಟರಲ್ಲಿ ಅವನ ಕಣ್ಣು ಹೋಗತೊಡಗಿತ್ತು. ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊತ್ತಾಗಬಹುದಾಗಿದ್ದ ಒಂದು ದಿನ ಬಂದು ಹೋಗಿತ್ತು. ಅಂದು ನಾವೆಲ್ಲ ಹೋಳಿಗೆ ತಿಂದಿದ್ದೆವು.

ಅದು ದಸರೆಯ ಹೊತ್ತಿನ ಮಾತು. ಬೆಳಿಗ್ಗೆ ಅವನ ಹೆಂಡತಿ ಸ್ಮಿತಾ ಬಂದು ನಮ್ಮ ಬಾಗಿಲು ತಟ್ಟಿದಳು. ಇಲ್ಲಿಯ ಒಂದು ಬಾಲವಾಡಿಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಮಾತು ಸಾಸಿವೆ ಸಿಡಿದ ಹಾಗೆ. ಅಂದು ಮಾತ್ರ ಮೆಲ್ಲಗೆ ಅಂದಳು.

"ಅತ್ತಿ, ಇವರಿಗೆ ಲಿಂಗ ಕಾಣವಲ್ದಂತ."

"ಕಳಕೊಂಡನೇನು?" ಅಂದೆ. ಕೊರಳ ಲಿಂಗ ಕಳೆಯಿತೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ.

"ಇಲ್ಲರಿ, ಕೈಯಾಗನ ಐತಿ. ಪೂಜಿಗೆ ಕುಂತಾಗ ಕರಗಿ ಹೋತಂತ."

ಗುರುಬಸಪ್ಪ ದಿನಾ ಜಳಕ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಎವೆಯಿಕ್ಕದೆ ನೋಡುತ್ತ ಕೂರುವವನು. ಪಾಳಿ ಯಾವುದೇ ಇರಲಿ, ಹೊರಗೆ ಹಿಮ ಬೀಳಲಿ, ಅದು ತಪ್ಪಿದ್ದಿಲ್ಲ. ಅಂದು ನೋಡುತ್ತ ನೋಡುತ್ತ ಕರಿಯ ಲಿಂಗ ಹೊಗೆಯಾಯಿತಂತೆ. ಸುತ್ತಲಿನ ಬೆರಳು ಮಾತ್ರ ಉಳಿದವು. ಹಿಂದಿನ ದಿನವೂ ಹಾಗೇ, ಅದರ ಹಿಂದಿನ ದಿನವೂ ಹಾಗೇ ಆಗಿತ್ತಂತೆ. ನೋಟ ನಿಂತವನಿಗೆ ಲಿಂಗ ಬೇರೆ, ಮೈ ಬೇರೆ ಅಂತ ಉಳಿಯುವುದಿಲ್ಲ ಅಂತ ಹಿರಿಯರ ಬಾಯಲ್ಲಿ ಎಲ್ಲರೂ ಕೇಳಿದವರೇ. ಬೈಲಹೊಂಗಲದಲ್ಲಿರುವ ಅವನ ತಾಯಿ ಬಸಲಿಂಗವ್ವನಿಗೆ ಫೋನು ಹೋಯಿತು. ಆಕೆ ಫೋನಿನ ಪರದೆಗೇ ಕೈಮುಗಿದು ಅತ್ತಳು. "ನಿಮ್ಮಪ್ಪ ಜೀವ ಇರೂತನಕ ಕುಂತ್ರೂ ಸಿಗಲಾರದ್ದು ನಿನಗ ಸಿಕ್ಕತಲ್ಲೋ ಯಪ್ಪಾ" ಅಂದಳು. ಗುರುಬಸಪ್ಪನ ಕಣ್ಣಲ್ಲೂ ನೀರು. ಸ್ಮಿತಾ ಬೇಳೆ ಕುದಿಯಲಿಟ್ಟು ಹೋಳಿಗೆ ಮಾಡಿದಳು, ಮೊದಲನೆಯದು ನನ್ನ ತಟ್ಟೆಗೇ ಬಿತ್ತು.

ಆಮೇಲೆ ಊರಿನಿಂದ ಫೋನುಗಳು ಶುರುವಾದವು. ಮಗಳಿಗೆ ಗಂಡು ಯಾವ ದಿಕ್ಕಿನಿಂದ ಬರುತ್ತದೆ ಅಂತ ಒಬ್ಬಾಕೆ, ಬೋರ್‌ವೆಲ್ ಎಲ್ಲಿ ಹೊಡೆಸಲಿ ಅಂತ ಒಬ್ಬ ಸೋದರಮಾವ.

"ಪಾದಾ ತೊಳದು ನೀರು ಪಾರ್ಸಲ್ ಕಳಸ್ಲೇನ್ರಿ ಅವರಿಗೆ?" ಅಂದಳು ಸ್ಮಿತಾ. "ಇಲ್ಲಿ ನೋಡಿದ್ರ ಕಾಲುಚೀಲ ಒಂದು ಕರೇದು, ಒಂದು ನೀಲಿ ಹಾಕ್ಕೊಂಡು ಹೊಂಟಾರ ಮಹಾತ್ಮರು."

ಗುರುಬಸಪ್ಪ ಕಾಲು ನೋಡಿಕೊಂಡು ನಕ್ಕ. ನಾವೂ ನಕ್ಕೆವು.

ಆ ಚಳಿಗಾಲವಿಡೀ ಅವನು ರೆಕ್ಕೆಯ ಕೆಲಸ ಮಾಡಿದ. ರೆಕ್ಕೆಗೆ ನಡುವೆ ಬೆನ್ನೆಲುಬಿನ ಹಾಗೆ ಒಂದು ಉದ್ದ ಮರದ ಪಟ್ಟಿ ಇರುತ್ತದೆ, ಅದಕ್ಕೆ ಪಕ್ಕೆಲುಬಿನ ಹಾಗೆ ಚಿಕ್ಕ ಚಿಕ್ಕ ತುಂಡುಗಳು, ಮೇಲೆ ಬಟ್ಟೆ. ಪಟ್ಟಿ ಸೊಟ್ಟ ಇದೆ ಅಂತ ಅವನ ತಕರಾರು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು, ಅಲ್ಲೊಂದು ಡೊಂಕು ಇಲ್ಲೊಂದು ಡೊಂಕು ಅನ್ನುವುದು, ಉಜ್ಜುವುದು. ಮರುದಿನ ಇನ್ನೊಂದು ಕಡೆ ಡೊಂಕು. ನನ್ನ ಸೊಪ್ಪಿನ ಬುಟ್ಟಿಯ ಮೇಲೆ ಮರದ ಹುಡಿ ಬೀಳುತ್ತಿತ್ತು.

"ಎಂಥಾ ಹಲ್ಕಟ್ ಮರಾ ಕೊಟ್ಟಾನ್ರಿ ಐಸೆಲೆ" ಅನ್ನುತ್ತಿದ್ದ.

ಶಿವರಾತ್ರಿ ಸುಮಾರಿಗೆ ಐಸೆಲೆಯೇ ನೋಡಲು ಬಂದ. ಅವನು ಮಾತಾಡುವುದು ಜರ್ಮನ್ನು, ಅದೂ ಈ ಸೀಮೆಯ ಎಳೆದಾಟದ ಜರ್ಮನ್ನು. ಗುರುಬಸಪ್ಪ ನನಗಾಗಿ ಕನ್ನಡ ಮಾಡಿ ಹೇಳುತ್ತಿದ್ದ. ಐಸೆಲೆ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಚೀಲದಿಂದ ಉಕ್ಕಿನ ಸ್ಕೇಲು ತೆಗೆದು ಪಟ್ಟಿಗೆ ಒತ್ತಿ ಹಿಡಿದ. ಹಳ್ಳಿ ಹೆಣ್ಣು ನಾನು, ನನಗೂ ಕಂಡಿತು. ಪಟ್ಟಿಗೂ ಸ್ಕೇಲಿಗೂ ನಡುವೆ ಬೆರಳು ತೂರುವಷ್ಟು ಸಂದು.

ಸೊಟ್ಟ ಉಜ್ಜಿದ್ದೀಯ, ಅಂದ ಐಸೆಲೆ.

ಗುರುಬಸಪ್ಪ ಬಗ್ಗಿ ನೋಡಿದ. "ಇವನ ಸ್ಕೇಲು ಸೊಟ್ಟ ಐತಿ ಚಿಗವ್ವಾ" ಅಂತ ನನಗೆ ಹೇಳಿ, ಅವನಿಗೂ ಹೇಳಿದ.

ಐಸೆಲೆ ಬಯ್ಯುತ್ತಾನೆ ಅಂದುಕೊಂಡೆ. ಬಯ್ಯಲಿಲ್ಲ. ಸ್ಕೇಲನ್ನು ಗುರುಬಸಪ್ಪನ ಕೈಗೆ ಕೊಟ್ಟು, ಕಣ್ಣು ಮುಚ್ಚು ಅಂದ. ಗುರುಬಸಪ್ಪ ಕಣ್ಣು ಮುಚ್ಚಿ, ಸ್ಕೇಲಿನ ಅಂಚಿನ ಮೇಲೆ ಹೆಬ್ಬೆರಳು ಎಳೆದುಕೊಂಡು ಹೋದ, ಈ ತುದಿಯಿಂದ ಆ ತುದಿ. ಆಮೇಲೆ ಕಣ್ಣು ತೆರೆದ. ಇನ್ನೊಮ್ಮೆ ಮುಚ್ಚಿ ಹೆಬ್ಬೆರಳು ಎಳೆದ. ಉಕ್ಕಿನ ಅಚ್ಚಿನಲ್ಲಿ ದುಡಿದ ಬೆರಳು, ಅದು ಸುಳ್ಳು ಹೇಳುವುದಿಲ್ಲ ಅಂತ ಅವನಿಗೆ ಗೊತ್ತು.

"ಬೆರಳಿಗೆ ನೆಟ್ಟಗೈತಿ" ಅಂದ, ಯಾರಿಗೂ ಅಲ್ಲದ ಹಾಗೆ. ಅಲ್ಲೇ ಇದ್ದ ಬಣ್ಣದ ಡಬ್ಬಿಯ ಮೇಲೆ ಕುಳಿತುಕೊಂಡ.

ಆಸ್ಪತ್ರೆಯಲ್ಲಿ ತಿಳಿಯಿತು. ಕಣ್ಣಿನ ಹಿಂದಿನ ಪರದೆ, ಅದರ ನಟ್ಟನಡುವಿನ ಭಾಗ ಕೆಡುವ ರೋಗವಂತೆ, ನೆಟ್ಟಗಿರುವುದೂ ಡೊಂಕಾಗಿ ಕಾಣುತ್ತದಂತೆ. ಬಲಗಣ್ಣಿನದು ಮುಗಿದೇ ಹೋಗಿತ್ತು, ಗಾಯ ಮಾಗಿ ಕಲೆಯಾಗಿತ್ತು. ಎಡಗಣ್ಣು ಎರಡರ ಕೆಲಸ ಮಾಡುತ್ತಿದ್ದುದರಿಂದ ತಿಳಿದಿರಲಿಲ್ಲ. ಈಗ ಅದರ ಸರದಿ. ಕಣ್ಣಿಗೇ ಸೂಜಿ ಚುಚ್ಚಿ ಔಷಧಿ ಹಾಕುತ್ತಾರೆ. ಹೋದದ್ದು ಬರುವುದಿಲ್ಲ, ಇರುವುದು ನಿಧಾನವಾಗಿ ಹೋಗುವಂತೆ ಮಾಡಬಹುದು, ಅದೂ ಮಾತು ಕೊಡಲಾಗದು ಅಂದರಂತೆ.

"ಯಾವಾಗಿನಿಂದ ಅಂತ ಕೇಳಿದ್ಳು ಡಾಕ್ಟರ್ ಬಾಯಿ" ಅಂದ ಗುರುಬಸಪ್ಪ, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ನಮ್ಮ ಅಡುಗೆಮನೆಯಲ್ಲಿ ಕೂತು. "ದಸರಾದಿಂದ ಅಂದೆ. ಹೆಂಗ ಗೊತ್ತಾತು ಅಂದ್ಳು. ಕೈಯಾಗ ಒಂದು ಸಣ್ಣ ಕಲ್ಲು ಇಟಗೊಂಡು ದಿನಾ ನೋಡ್ತೀನಿ, ಅದು ಕಾಣದಂಗಾತು ಅಂದೆ. ಲಿಂಗಕ್ಕ ಕಲ್ಲು ಅಂದೆ ಚಿಗವ್ವಾ, ಬ್ಯಾರೆ ಮಾತು ಸಿಗಲಿಲ್ಲ. ಮತ್ತ ಅವಾಗನ ಯಾಕ ಬರಲಿಲ್ಲ ಅಂದ್ಳು."

"ಏನಂದಿ?"

"ಸಂತೋಷ ಆಗಿತ್ತು ಅಂದೆ."

ನಾನು ಚಹಾದ ಬಟ್ಟಲು ಅವನ ಕೈಗೇ ಕೊಟ್ಟೆ. ಆಗಲೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತೇ ಅಂತ ಸ್ಮಿತಾ ಕೇಳಿದ್ದಳಂತೆ. ಉಳಿಯುತ್ತಿತ್ತೋ ಏನೋ, ಈಗ ಹೇಳಲಾಗದು ಅಂದಳಂತೆ ಡಾಕ್ಟರು. ಉಳಿಯುತ್ತಿತ್ತು ಅಂದಿದ್ದರೆ ಅಳಬಹುದಿತ್ತು. ಉಳಿಯುತ್ತಿರಲಿಲ್ಲ ಅಂದಿದ್ದರೆ ಸುಮ್ಮನಿರಬಹುದಿತ್ತು. ಸ್ಮಿತಾ ಎರಡೂ ಮಾಡಲಾರದೆ ಆ ವಾರವೆಲ್ಲ ಪಾತ್ರೆ ತಿಕ್ಕಿದಳು, ತಿಕ್ಕಿದ್ದನ್ನೇ ತಿಕ್ಕಿದಳು.

"ಅವ್ವಗ ಹೇಳಿದ್ಯೇನು?" ಅಂತ ಕೇಳಿದೆ.

"ಏನಂತ ಹೇಳ್ಲಿ? ಅಕಿ ಊರ ಮಂದಿಗೆಲ್ಲ ಹೇಳ್ಯಾಳ. ಅದು ಪುಣ್ಯ ಅಲ್ಲವ್ವಾ, ಬ್ಯಾನಿ ಅಂತ ಹೆಂಗ ಹೇಳ್ಲಿ?"

ಹೇಳಲಿಲ್ಲ. ಬೋರ್‌ವೆಲ್ಲಿನ ಸೋದರಮಾವನಿಗೆ ನೀರು ಸಿಕ್ಕಿತಂತೆ. ಅದು ಬೇರೆ.

ಕಾರು ನಡೆಸುವುದು ನಿಂತಿತು. ಕೆಲಸ ನಿಂತಿತು. ಬಿಡಲಾರದೆ ಇದ್ದದ್ದು ಎರಡು, ಪೂಜೆ ಮತ್ತು ವಿಮಾನ. ಪೂಜೆಯಲ್ಲಿ ಒಂದು ಉಪಾಯ ಕಂಡುಕೊಂಡ. "ಲಿಂಗ ನೋಡಾಕ ಹ್ವಾದ್ರ ಲಿಂಗ ಹೊಕ್ಕೈತಿ. ಹೆಬ್ಬಟ್ಟಿನ ತುದಿ ನೋಡ್ಕೋತ ಕುಂತ್ರ ಮೂಲ್ಯಾಗ ಬಂದು ಕುಂಡ್ರತೈತಿ. ನಾಚಿಕಿ ಸ್ವಭಾವದ್ದು." ಜನರೊಡನೆ ಮಾತಾಡುವಾಗಲೂ ಹಾಗೇ ಆದ. ನನ್ನ ಮುಖ ಬೇಕಾದರೆ ನನ್ನ ಕಿವಿಯ ಆಚೆ ಗೋಡೆ ನೋಡುತ್ತಿದ್ದ.

ವಿಮಾನದ ಬಗ್ಗೆ ಅವನಿಗೆ ಒಂದೇ ಆಸೆ ಇತ್ತು. ಒಮ್ಮೆ, ಒಂದೇ ಸಲ, ಎತ್ತಿ, ತಿರುಗಿಸಿ, ಇಳಿಸಬೇಕು. ತನ್ನ ಕೈಯಿಂದಲೇ. ಕಣ್ಣಿನಲ್ಲಿ ಈ ಅಂಚಿನ ಬೆಳಕಾದರೂ ಇರುವಾಗ. ಮುಂದಿನ ವರ್ಷಕ್ಕೆ ಅಂತ ಇಡುವ ಹಾಗಿರಲಿಲ್ಲ.

ಐಸೆಲೆ ಹೊಸ ಪಟ್ಟಿ ತಂದು ತಾನೇ ಕೂಡಿಸಿಕೊಟ್ಟ. ಬಟ್ಟೆ ಹೊದಿಸಿ ಇಸ್ತ್ರಿ ಹಾಕಿದ್ದು ಸ್ಮಿತಾ. ಬಿಸಿ ತಾಗಿದರೆ ಬಟ್ಟೆ ಬಿಗಿದುಕೊಂಡು ತಬಲದ ಚರ್ಮದಂತೆ ಆಗುತ್ತದೆ. ಅನೂಪನ ಕೋಣೆಯ ತುಂಬ ರೆಕ್ಕೆ ಹರಡಿಕೊಂಡು ಆಕೆ ಇಸ್ತ್ರಿ ತಳ್ಳುತ್ತ ಬಯ್ಯುತ್ತಿದ್ದಳು.

"ನೋಡ್ರಿ ಅತ್ತಿ, ಸವತಿಗೆ ಸೀರಿ ಉಡಸಾಕತ್ತೀನಿ. ನಂದು ಬ್ಲೌಸ್ ಒಂದು ದಿನ ಇಸ್ತ್ರಿ ಮಾಡ್ಯಾರೇನು ಇವರು?"

"ಬಾಲದ ಕಡೆ ಸುಕ್ಕು ಬರಬಾರ್ದು" ಅಂದ ಗುರುಬಸಪ್ಪ.

"ಸುಕ್ಕು ನಿಮಗೆಲ್ಲಿ ಕಾಣತೈತಿ?" ಅಂದವಳು ನಾಲಿಗೆ ಕಚ್ಚಿಕೊಂಡಳು. ಅವನೇ ನಕ್ಕ.

ಬಣ್ಣದ ಮಾತಿನಲ್ಲಿ ಜಗಳವಾಯಿತು. ರೆಕ್ಕೆಯ ಕೆಳಗೆ ಕೆಂಪು ಬಳಿ, ಆಕಾಶದಲ್ಲಿ ಕಾಣುತ್ತದೆ ಅಂತ ಐಸೆಲೆ. ಅಸಲು ವಿಮಾನ ಬೆಳ್ಳಿ ಬಣ್ಣದ್ದು, ಇದೂ ಬೆಳ್ಳಿಯೇ ಅಂತ ಗುರುಬಸಪ್ಪ. "ಕೆಂಪು ಬಳೀರಿ, ಮದುವಣಗಿತ್ತಿ ಹಂಗ ಕಾಣ್ತಾಳ ಸವತಿ" ಅಂತ ಸ್ಮಿತಾ ಕೂಡ ಅಂದಳು. ಕೇಳಲಿಲ್ಲ. ಬೆಳ್ಳಿಯೇ ಆಯಿತು, ಮೂತಿಯ ಮೇಲೆ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್ ಅಂತ ಅದರ ಹೆಸರೂ ಆಯಿತು.

ಇನ್ನೊಂದು ಜಗಳ ದೊಡ್ಡದು. ಹಾರಿಸುವವನಿಗೆ ತನ್ನ ವಿಮಾನ ಕಾಣಬೇಕು, ಅದು ಮೈದಾನದ ಕಟ್ಟಳೆ. ಅಧ್ಯಕ್ಷನಾಗಿ ಐಸೆಲೆ ಹಾಗೇ ಬಿಡುವಂತಿರಲಿಲ್ಲ. ಕಲಿಯುವವರಿಗೆ ಅಂತ ಒಂದು ಏರ್ಪಾಡು ಇದೆಯಂತೆ: ಪೆಟ್ಟಿಗೆಗಳು ಎರಡು. ಒಂದು ಕಲಿಯುವವನ ಕೈಯಲ್ಲಿ, ಒಂದು ಕಲಿಸುವವನ ಕೈಯಲ್ಲಿ. ಕಲಿಸುವವನು ತನ್ನ ಪೆಟ್ಟಿಗೆಯ ಗುಂಡಿ ಒತ್ತಿದರೆ ವಿಮಾನ ಅವನ ಮಾತು ಕೇಳುತ್ತದೆ, ಕಲಿಯುವವನ ಮಾತು ಕೇಳುವುದಿಲ್ಲ. ಹಾಗಾದರೆ ಮಾತ್ರ ಹಾರಿಸು ಅಂದ ಐಸೆಲೆ.

"ನಾ ಕಲಿಯಾಂವ ಅಲ್ಲ" ಅಂದ ಗುರುಬಸಪ್ಪ. ಮನೆಗೆ ಬಂದು ಊಟ ಬಿಟ್ಟು ಕೂತ. "ಅಂವ ಒಬ್ಬಾಂವನ ಹೋದ. ಸಮುದ್ರಾ ದಾಟಿದ. ನಾ ಒಂದು ಹುಲ್ಲಿನ ಮೈದಾನ ದಾಟಾಕ ಇನ್ನೊಬ್ಬನ ಕೈ ಬೇಕೇನು?"

"ಅಂವಗ ಹೆಂಡ್ತಿ ಇದ್ದಿಲ್ಲ, ಹೋದ" ಅಂದಳು ಸ್ಮಿತಾ. "ರೊಟ್ಟಿ ಆರ್ತಾವ, ಏಳ್ರಿ."

ಕಡೆಗೆ ಒಪ್ಪಿದ, ಒಂದು ಮಾತಿನ ಮೇಲೆ. ಮಂದಿಯ ಮೇಲೆ ಬೀಳುವಂತಿದ್ದರೆ ಮಾತ್ರ ಐಸೆಲೆ ಗುಂಡಿ ಒತ್ತಬೇಕು. ಒತ್ತಿದರೆ ಒತ್ತಿದೆ ಅಂತ ಬಾಯಿಬಿಟ್ಟು ಹೇಳಬೇಕು. ಐಸೆಲೆ ಹೂಂ ಅಂದು ಕೈ ಕುಲುಕಿದ.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ನನ್ನ ಮಗ ಉದಯಕುಮಾರ ತನ್ನ ಕಾರಿನಲ್ಲಿ ರೆಕ್ಕೆಗಳನ್ನೂ ನಮ್ಮನ್ನೂ ತುಂಬಿಕೊಂಡು ಹೋದ. ಸೇಬಿನ ಗಿಡಗಳ ನಡುವೆ ಕತ್ತರಿಸಿದ ಹುಲ್ಲಿನ ಪಟ್ಟೆ. ಕ್ಲಬ್ಬಿನವರು ಕೆಲವರು ಮುಂಚೆಯೇ ಬಂದಿದ್ದರು. ನನಗೆ ಮಡಿಚುವ ಕುರ್ಚಿ ಹಾಕಿಕೊಟ್ಟರು, ಐಸೆಲೆಯ ಮಗ್ಗುಲಲ್ಲೇ. ಗುರುಬಸಪ್ಪ ನಾಲ್ಕು ಮಾರು ಮುಂದೆ ನಿಂತ, ಎದೆಯ ಮೇಲೆ ಪೆಟ್ಟಿಗೆ. ಕೊರಳ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ.

"ಯಾರೂ ಮಾತಾಡಬ್ಯಾಡ್ರಿ" ಅಂದ. "ಸ್ಮಿತಾ, ನಿನಗೂ ಹೇಳೂದು."

"ನಾ ಏನ್ ಮಾತಾಡ್ತೀನಿ?" ಅಂದಳು ಆಕೆ, ಅದೇ ಕೊನೆಯ ಮಾತು.

ಮೋಟಾರು ಹೊಲಿಗೆ ಯಂತ್ರದ ಹಾಗೆ ಶುರುವಾಯಿತು. ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು. ಚಕ್ರದ ಗಡಗಡ ನಿಂತು ಬರೇ ಮೋಟಾರಿನ ಸದ್ದು ಉಳಿದಾಗ ನೆಲ ಬಿಟ್ಟಿತು ಅಂತ ನನಗೆ ತಿಳಿಯಿತು. ಬಿಸಿಲಿಗೆ ಬೆಳ್ಳಿ ಮಿಂಚಿತು. ಗುರುಬಸಪ್ಪ ಅದರ ಕಡೆ ಮುಖ ಮಾಡಿರಲಿಲ್ಲ, ಕಾರುಗಳು ನಿಂತ ಕಡೆ ಮಾಡಿದ್ದ. ದಾರಿಹೋಕರು ಯಾರಾದರೂ ಕಂಡಿದ್ದರೆ, ಇವನು ವಿಮಾನದ ಮೇಲೆ ಮುನಿಸಿಕೊಂಡಿದ್ದಾನೆ ಅನ್ನುತ್ತಿದ್ದರು. ಅದು ಸೇಬಿನ ಗಿಡಗಳ ಮೇಲೆ ಹೋಯಿತು, ಹುಲ್ಲಿನ ಕೊಟ್ಟಿಗೆಯ ಹಿಂದಿನಿಂದ ಬಳಸಿತು. ಅದು ತಿರುಗಿದಂತೆ ಇವನೂ ಅರೆಬರೆ ತಿರುಗುತ್ತ, ಕಣ್ಣಿನ ತುದಿಯಲ್ಲಿ ಅದನ್ನು ಹಿಡಿದುಕೊಂಡು, ನಮ್ಮ ತಲೆಯ ಮೇಲಿಂದ ತಂದು ದಾಟಿಸಿದ. ಒಂದು ಸುತ್ತಾಯಿತು. ಸ್ಮಿತಾಳ ಮುಖ ನಾನು ಅಷ್ಟು ಎಳೆಯದಾಗಿ ಎಂದೂ ಕಂಡಿರಲಿಲ್ಲ.

ಎರಡನೆಯ ಸುತ್ತಿಗೆ ಒಂದು ಮೋಡ ಬಂತು. ದೊಡ್ಡದೇನಲ್ಲ, ಹಿಂಜಿದ ಅರಳೆಯಂಥದು. ಬೆಳ್ಳಿ ವಿಮಾನ ಅದರ ಮುಂದೆ ಹೋದಾಗ ನನಗೇ ಕಾಣಲಿಲ್ಲ. ಗುರುಬಸಪ್ಪನ ತಲೆ ಕಾಳು ಹುಡುಕುವ ಕೋಳಿಯ ಹಾಗೆ ಆಚೆ ಈಚೆ ಆಡತೊಡಗಿತು. ಅತ್ತ ನೋಡಿದ, ಇತ್ತ ನೋಡಿದ. ಎಲ್ಲಿ ನೋಡಿದರೆ ಅಲ್ಲಿ ಇಲ್ಲ, ಅವನ ಕಣ್ಣಿನ ಪಾಡೇ ಅದು. ಸೇಬಿನ ಗಿಡಗಳ ಆಚೆಯಿಂದ ಹೊರಳುತ್ತಿದ್ದ ಮೋಟಾರಿನ ಸದ್ದು ಬದಲಾಯಿತು, ಇಳಿಜಾರಿಗೆ ಬಿಟ್ಟ ಸೈಕಲ್ಲಿನ ಹಾಗೆ. ವಿಮಾನ ಮೂತಿ ಕೆಳಗೆ ಮಾಡಿ ಕಾರುಗಳ ಕಡೆ, ಕ್ಲಬ್ಬಿನವರು ನಿಂತ ಕಡೆ ಬರುತ್ತಿತ್ತು.

ನನ್ನ ಮಗ್ಗುಲಲ್ಲಿ ಟಕ್ ಅಂದಿತು.

ವಿಮಾನ ಮೂತಿ ಎತ್ತಿತು, ಬಲಕ್ಕೆ ಹೊರಳಿತು. ಗುರುಬಸಪ್ಪನ ಬೆರಳು ಕಡ್ಡಿಯನ್ನು ಎಡಕ್ಕೆ ತಳ್ಳಿದ್ದವು. ಅವನ ಪೆಟ್ಟಿಗೆ ಈಗ ಬರೇ ಡಬ್ಬಿ. ಐಸೆಲೆ ಹೇಳುತ್ತಾನೆ ಅಂತ ಕಾದೆ. ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಸ್ಮಿತಾ ಗಂಡನ ಬೆರಳು ನೋಡಿದಳು, ಆಕಾಶ ನೋಡಿದಳು, ಬಾಯಿ ತೆರೆದು ಮುಚ್ಚಿದಳು. ಅವನ ಬೆರಳು ಒಂದು ಕಡೆ, ವಿಮಾನ ಒಂದು ಕಡೆ. ಅಷ್ಟು ಜನ ನಿಂತಿದ್ದೆವು, ಎಲ್ಲರಿಗೂ ಕಾಣುತ್ತಿತ್ತು. ಅವನಿಗೊಬ್ಬನಿಗೆ ಬಿಟ್ಟು.

ಕೊಟ್ಟಿಗೆಯ ಕಡೆಯಿಂದ ಬಂದು ವಿಮಾನ ಹುಲ್ಲಿನ ಮೇಲೆ ಹಕ್ಕಿ ಕೂತ ಹಾಗೆ ಕೂತಿತು. ಮೋಟಾರು ನಿಂತಿತು. ಗುರುಬಸಪ್ಪ ಇನ್ನೂ ಕಡ್ಡಿ ಎಳೆಯುತ್ತಿದ್ದ, ಸದ್ದು ನಿಂತದ್ದು ಕೇಳಿ ಬಿಟ್ಟ. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ಐಸೆಲೆ ಹೋಗಿ ಅವನ ಎರಡೂ ಹೆಗಲು ಹಿಡಿದು ಏನೇನೋ ಹೇಳಿದ, ಬಹಳ ಹೊತ್ತು ಹೇಳಿದ.

"ಏನಂತಾನ?" ಅಂದೆ ಸ್ಮಿತಾಗೆ.

"ಹೊಗಳಾಕತ್ತಾನ್ರಿ" ಅಂದಳು. "ಇಷ್ಟು ಚಂದ ಇಳಿಸಿದ್ದು ಈ ಮೈದಾನದಾಗ ಯಾರೂ ಇಲ್ಲ ಅಂತ."

ಗುರುಬಸಪ್ಪ ಅವನ ಕಿವಿಯಾಚೆ ಎಲ್ಲೋ ನೋಡುತ್ತ ನಿಂತಿದ್ದ. ಪೆಟ್ಟಿಗೆಯನ್ನು ಕೊರಳಿಂದ ತೆಗೆದು ಅವನ ಕೈಗೆ ಕೊಟ್ಟ. ದಾರಿಯುದ್ದಕ್ಕೂ ಉದಯಕುಮಾರ ಏನಾದರೂ ಕೇಳಿದರೆ ಹೌದು, ಇಲ್ಲ, ಅಷ್ಟೇ.

ಅದರ ಮುಂದಿನ ವಾರ ಮೆಟ್ಟಿಲು ಗುಡಿಸುವ ಸರದಿ ಅವರ ಮನೆಯದಾಗಿತ್ತು. ಈ ಸೀಮೆಯಲ್ಲಿ ಅದಕ್ಕೊಂದು ಮರದ ಹಲಗೆ ಇದೆ, ಸರದಿ ಬಂದವರ ಬಾಗಿಲಿಗೆ ತೂಗುಬೀಳುತ್ತದೆ. ನಾ ಗುಡಸ್ತೀನಿ ಬಿಡ್ರಿ ಅಂತ ಸ್ಮಿತಾ ಹೇಳಿದ್ದು ಮೇಲಿನಿಂದ ಕೇಳಿಸಿತು. ಬಿಡಲಿಲ್ಲ. ಅವನೇ ಪೊರಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದ. ನಾನು ಬಾಗಿಲು ತೆರೆದು ನಿಂತಿದ್ದೆ.

"ಚಿಗವ್ವಾ, ಒಂದು ಕೇಳ್ತೀನಿ, ಖರೇ ಹೇಳ್ರಿ."

"ಕೇಳಪ್ಪ."

"ಐಸೆಲೆ ಇಷ್ಟು ವರ್ಷದಾಗ ನನ್ನ ಒಮ್ಮಿನೂ ಹೊಗಳಿಲ್ಲ. ಅವತ್ತು ಯಾಕ ಹೊಗಳಿದ?" ಪೊರಕೆ ಆಡುವುದು ನಿಂತಿತ್ತು. "ನೀವು ಅವನ ಬಾಜೂಕ ಕುಂತಿದ್ರಿ. ನಿಮ್ಮ ಕಿವಿ ಚುರುಕು. ಗುಂಡಿ ಸಪ್ಪಳ ಕೇಳಿಸ್ತೇನು?"

ಮೇಲೆ ಸ್ಮಿತಾ ಕುಕ್ಕರ್ ಇಳಿಸಿದ ಸದ್ದು. ಅವನು ನನ್ನ ಬಾಗಿಲ ಪಕ್ಕದ ಟಪಾಲು ಡಬ್ಬಿಗಳನ್ನು ನೋಡುತ್ತಿದ್ದ, ಅಂದರೆ ನನ್ನ ಮುಖವನ್ನೇ ನೋಡುತ್ತಿದ್ದ.

"ಕೇಳಿಸ್ತಪ್ಪ."

"ಯಾವಾಗ?"

"ಎರಡನೇ ಸುತ್ತಿನಾಗ. ಸೇಬಿನ ಗಿಡದ ಕಡೆಯಿಂದ ಹೊಳ್ಳೂವಾಗ."

"ಮೊದಲನೇದು?"

"ಮೊದಲನೇದು ನಿಂದೇ."

"ಎತ್ತಿದ್ದು?"

"ಎತ್ತಿದ್ದೂ ನೀನೇ."

ಅವನು ತಲೆಯಾಡಿಸಿದ. "ಒಂದು ಸುತ್ತು" ಅಂದ. ಪೊರಕೆಯನ್ನು ಮುಂದಿನ ಮೆಟ್ಟಿಲಿಗೆ ಇಳಿಸಿ, "ಇಳಿಸೂದು ಉಳೀತು" ಅಂದ. ಮತ್ತೊಮ್ಮೆ ಹಾರಿಸಬಹುದಲ್ಲ ಅನ್ನುವ ಹಾಗಿರಲಿಲ್ಲ. ಹಿಂದಿನ ದಿನವೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಂಚಿನದೂ ಮಸುಕಾಗುತ್ತಿದೆ ಅಂತ ಸ್ಮಿತಾ ಹೇಳಿದ್ದಳು.

ಅವನು ಉಳಿದ ಮೆಟ್ಟಿಲುಗಳನ್ನು ಗುಡಿಸಿಕೊಂಡು ಕೆಳಗಿನ ಬಾಗಿಲವರೆಗೆ ಹೋದ. ತಿರುಗಿ ಮೇಲೆ ಮುಖ ಮಾಡಿ ಕೇಳಿದ.

"ಸ್ವಚ್ಛ ಆತೇನ್ರಿ?"

ಎರಡೂ ಅಂಚು ನೆಕ್ಕಿದ ಹಾಗೆ ಸ್ವಚ್ಛವಾಗಿದ್ದವು. ಪ್ರತಿ ಮೆಟ್ಟಿಲಿನ ನಡುವೆ, ಕಾಲಿಡುವ ಜಾಗದಲ್ಲಿ, ಧೂಳು ಹಾಗೇ ಇತ್ತು.

"ನಡುವ ಉಳದೈತಿ" ಅಂದೆ.

ಅವನು ಮತ್ತೆ ಮೇಲಿನ ಮೆಟ್ಟಿಲಿಗೆ ಹತ್ತಿ ಬಂದು, ಗೋಡೆಯ ಕಡೆ ಮುಖ ಮಾಡಿ ಪೊರಕೆ ಹಾಕಿದ.

"ಇನ್ನೊಂಚೂರು ಬಲಕ್ಕ" ಅಂದೆ. ಪೊರಕೆ ಬಲಕ್ಕೆ ಸರಿಸಿ ಗುಡಿಸಿದ. ಆಮೇಲೆ ಅದರ ಕೆಳಗಿನ ಮೆಟ್ಟಿಲು.